ದೇವದುರ್ಗದಲ್ಲಿ ಒಂದು ಪ್ರತಿ

ಮಾನ್ವಿ ಬಸ್ ನಿಲ್ದಾಣದ ಕಂಟ್ರೋಲರ್ ಹನುಮಂತರಾಯ ಒಂದು ಪುಸ್ತಕ ಬರೆದ. ಬರೆದದ್ದು ತಪ್ಪಲ್ಲ. ಅದಕ್ಕಿಂತ ದೊಡ್ಡ ತಪ್ಪುಗಳನ್ನು ಮಾಡಿ ನೆಮ್ಮದಿಯಿಂದ ಉಂಡು ಮಲಗುವವರು ಜಿಲ್ಲೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಬರೆದದ್ದನ್ನು ಯಾರಾದರೂ ಓದಬೇಕು ಎಂದು ಆಸೆಪಟ್ಟನಲ್ಲ, ಅವನ ಕಷ್ಟ ಶುರುವಾದದ್ದು ಅಲ್ಲಿಂದ.

ಇಪ್ಪತ್ತಾರು ವರ್ಷ ಕಿಟಕಿಯ ಹಿಂದೆ ಕೂತು ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗಿದ ಮನುಷ್ಯ. ಕೂಗದೆ ಇದ್ದ ಹೊತ್ತಿನಲ್ಲಿ ಇಲಾಖೆಯ ಹಳೆಯ ಹಾಳೆಗಳ ಹಿಂಬದಿಯ ಮೇಲೆ ನಿಲ್ದಾಣದಲ್ಲಿ ಕಂಡದ್ದನ್ನೆಲ್ಲ ಗೀಚಿಟ್ಟಿದ್ದ. ಬಸ್ಸು ತಪ್ಪಿಸಿಕೊಂಡವರು, ತಪ್ಪು ಬಸ್ಸು ಹತ್ತಿದವರು, ಸರಿಯಾದ ಬಸ್ಸು ಹತ್ತಿಯೂ ನಂಬಿಕೆ ಸಾಲದೆ ಇಳಿದವರು, ಎಲ್ಲರೂ ಅದರಲ್ಲಿದ್ದರು. ಎಲ್ಲ ಸೇರಿಸಿ ‘ಬೋರ್ಡ್ ನೋಡಿ ಹತ್ತಿರಿ’ ಎಂದು ಹೆಸರಿಟ್ಟು, ಹಾಳೆಗಳನ್ನು ಕೈಚೀಲದಲ್ಲಿ ತುಂಬಿಕೊಂಡು ರಾಯಚೂರಿಗೆ ಹೋದ.

ರಾಯಚೂರಿನ ತೀನ್ ಕಂದೀಲ್ ವೃತ್ತದ ಹಿಂದಿನ ಓಣಿಯಲ್ಲಿ ನಬೀಸಾಬ್‌ನ ಪ್ರೆಸ್ಸು ಇತ್ತು. ಒಂದು ಕಾಲಕ್ಕೆ ಜಿಲ್ಲೆಯ ಅರ್ಧ ಸಾಹಿತ್ಯ ಅಲ್ಲಿಯೇ ಅಚ್ಚಾಗುತ್ತಿತ್ತು. ಈಗ ಮದುವೆ ಕಾರ್ಡು, ಹುಟ್ಟುಹಬ್ಬದ ಫ್ಲೆಕ್ಸು ಮತ್ತು ‘ಮನೆ ಬಾಡಿಗೆಗಿದೆ’ ಬೋರ್ಡುಗಳು. ಹನುಮಂತರಾಯ ಚೀಲ ಬಿಚ್ಚುವಷ್ಟರಲ್ಲೇ ನಬೀಸಾಬ್ ಕೈ ಅಡ್ಡ ಹಿಡಿದ.

“ಪುಸ್ತಕ ಹಾಕೋದು ಬಿಟ್ಟು ಏಳು ವರ್ಷ ಆತ್ರಿ ಕಂಟ್ರೋಲರ್ ಸಾಬ್. ಮೊದಲು ಸಾವಿರ ಪ್ರತಿ ಹಾಕ್ತಿದ್ವಿ. ಆಮ್ಯಾಲ ಐನೂರು. ಆಮ್ಯಾಲ ಮುನ್ನೂರು. ಈಗ ಬರೆಯೋರು ಬಂದು ಬರೇ ನೂರು ಹಾಕ್ರಿ ಅಂತಾರ. ಅದರಾಗ ಐವತ್ತು ಮಂದಿಗೆ ಪುಕ್ಕಟೆ, ಐವತ್ತು ಮಂಚದ ಕೆಳಗ.”

“ಹಂಗಾದ್ರ ನನ್ನ ಪುಸ್ತಕದ್ದು ಹೆಂಗ್ರಿ?”

“ಇ-ಬುಕ್ ಹಾಕೋಣು. ಕಾಗದ ಬ್ಯಾಡ, ಮಸಿ ಬ್ಯಾಡ, ಬೈಂಡಿಂಗ್ ಬ್ಯಾಡ. ಇಲಿ ತಿನ್ನಂಗಿಲ್ಲ, ಮಳ್ಯಾಗ ತೊಯ್ಯಂಗಿಲ್ಲ. ನಮ್ಮ ಅಳಿಯ ಮುದಸ್ಸಿರ್ ಈಗ ಇದನ್ನ ಮಾಡಾಕತ್ತ್ಯಾನ. ‘ಓದುಬಂಡಿ’ ಅಂತ ಒಂದು ಆ್ಯಪ್ ಅದ, ಅದರಾಗ ಹತ್ತಿಸಿ ಬಿಡ್ತಾನ. ಅಮೆರಿಕಾದಾಗ ಕೂತೋರೂ ಓದಬಹುದು.”

“ಅಮೆರಿಕಾದೋರಿಗೆ ಮಾನ್ವಿ ಬಸ್ ಸ್ಟ್ಯಾಂಡ್ ಯಾಕ್ರಿ ಬೇಕು?”

“ಬ್ಯಾಡಾದ್ರ ಬಿಡ್ಲಿ. ಓದಬಹುದು ಅಂದೆ. ಓದ್ತಾರ ಅನ್ಲಿಲ್ಲ.”

ನಬೀಸಾಬ್ ಸುಳ್ಳು ಹೇಳುವ ಮನುಷ್ಯನಲ್ಲ. ಹನುಮಂತರಾಯ ಒಪ್ಪಿದ. ಲೇಖಕನ ಫೋಟೊ ಬೇಕೆಂದಾಗ ಅವನ ಹತ್ತಿರ ಇದ್ದದ್ದು ರೇಷನ್ ಕಾರ್ಡಿನ ಫೋಟೊ ಒಂದೇ. ಅದನ್ನು ನೋಡಿದ ಮುದಸ್ಸಿರ್, ಮಾರಾಟಕ್ಕೆ ಒಳ್ಳೆಯದಲ್ಲ ಎಂದು ಅದರ ಜಾಗಕ್ಕೆ ಒಂದು ಕೆಂಪು ಬಸ್ಸಿನ ಚಿತ್ರ ಹಾಕಿದ.

ಪುಸ್ತಕ ಬಂತೆಂದ ಮೇಲೆ ಬಿಡುಗಡೆ ಆಗಲೇಬೇಕು. ಮದುವೆಯಿಲ್ಲದೆ ಸಂಸಾರ ಮಾಡಿದರೂ ಕ್ಷಮಿಸುವ ಊರು, ಬಿಡುಗಡೆಯಿಲ್ಲದೆ ಪುಸ್ತಕ ತಂದವನನ್ನು ಕ್ಷಮಿಸುವುದಿಲ್ಲ. ಆದರೆ ಇ-ಬುಕ್ಕಿಗೆ ಮೈಯಿಲ್ಲ. ಬಣ್ಣದ ಕಾಗದ ಸುತ್ತುವುದು ಯಾವುದಕ್ಕೆ, ರಿಬ್ಬನ್ ಎಳೆಯುವುದು ಯಾವುದರದ್ದು, ಎದೆಯ ಮಟ್ಟಕ್ಕೆ ಹಿಡಿದು ಫೋಟೊ ತೆಗೆಸಿಕೊಳ್ಳುವುದು ಏನನ್ನು? ಮಾನ್ವಿ ಸಾಹಿತ್ಯ ಚಿಂತನ ಬಳಗದಲ್ಲಿ ಇದರ ಮೇಲೆ ಎರಡು ಸಭೆ ನಡೆದವು. ಕೊನೆಗೆ ಹನುಮಂತರಾಯನ ಮೊಬೈಲನ್ನೇ ಜರಿ ಕಾಗದದಲ್ಲಿ ಸುತ್ತಿ ತಟ್ಟೆಯಲ್ಲಿಟ್ಟರು.

ಬಳಗದ ಅಧ್ಯಕ್ಷರು ಹಾಲೇಶ ಸರ್. ನಿವೃತ್ತ ಉಪನ್ಯಾಸಕರು, ಎಂಟು ಪುಸ್ತಕಗಳ ಲೇಖಕರು, ಎಂಟೂ ಅಚ್ಚಾದವು. ಅವರು ಗಂಭೀರವಾಗಿ ರಿಬ್ಬನ್ ಎಳೆದು, ಮೊಬೈಲನ್ನು ಎದೆಗೆ ಹಿಡಿದು, ಫೋಟೊದವನ ಕಡೆ ನೋಡಿ ನಕ್ಕರು. ಅಷ್ಟರಲ್ಲಿ ಪುಸ್ತಕ ರಿಂಗಾಯಿತು. ಏನು ಮಾಡಬೇಕೆಂದು ತಿಳಿಯದೆ ಹಾಲೇಶ ಸರ್ ಅದನ್ನು ಕಿವಿಗೆ ಹಿಡಿದು “ಹಲೋ” ಎಂದರು. ಆ ಕಡೆಯಿಂದ, ಗ್ಯಾಸ್ ಸಿಲಿಂಡರ್ ತಂದೀವಿ, ಮನಿಯಾಗ ಯಾರೂ ಇಲ್ಲೇನ್ರಿ ಎಂಬ ಪ್ರಶ್ನೆ ಬಂತು. ಬಿಡುಗಡೆಯಾಗುತ್ತಲೇ ಮಾತಾಡಿದ ಪುಸ್ತಕ ಕನ್ನಡದಲ್ಲಿ ಅದೊಂದೇ ಇರಬೇಕು. ಹಾಲೇಶ ಸರ್ ಅದನ್ನು ತಟ್ಟೆಗೆ ಹಾಕಿ, ಅಂದಿನಿಂದ ಇ-ಬುಕ್ಕುಗಳ ಮೇಲೆ ಒಂದು ಹಗೆ ಇಟ್ಟುಕೊಂಡರು.

ಓದುಬಂಡಿಯವರು ಪ್ರತಿ ಸೋಮವಾರ ಲೇಖಕರಿಗೆ ಮಾರಾಟದ ವರದಿ ಕಳಿಸುತ್ತಿದ್ದರು. ತಾಲೂಕುವಾರು ನಕಾಶೆ, ಪುಸ್ತಕ ಎಲ್ಲಿ ಮಾರಿತೋ ಅಲ್ಲಿ ಒಂದು ಕೆಂಪು ಚುಕ್ಕೆ. ಮೊದಲ ವಾರ ನಕಾಶೆ ಸ್ವಚ್ಛವಾಗಿತ್ತು. ಎರಡನೇ ವಾರ ಮಾನ್ವಿಯಲ್ಲಿ ಒಂದು ಚುಕ್ಕೆ ಬಿತ್ತು. ಅದು ಹನುಮಂತರಾಯನೇ ಕೊಂಡದ್ದು, ಅಂಗಡಿ ತೆರೆದಿದೆಯೋ ಇಲ್ಲವೋ ನೋಡೋಣವೆಂದು. ಮೂರನೇ ಸೋಮವಾರ ಬಂದ ವರದಿ ಮಾತ್ರ ಅವನನ್ನು ಕುರ್ಚಿಯಿಂದ ಎಬ್ಬಿಸಿತು. ‘ಅಭಿನಂದನೆಗಳು. ನಿಮ್ಮ ಒಟ್ಟು ಮಾರಾಟದಲ್ಲಿ ಶೇಕಡಾ ನೂರು ಏರಿಕೆ. ಹೊಸ ತಾಲೂಕು: ದೇವದುರ್ಗ.’

ಅವನು ಮನೆಗೆ ಓಡಿದ. ಹೆಂಡತಿ ಮಲ್ಲೇಶ್ವರಿ ರೊಟ್ಟಿ ಬಡಿಯುತ್ತಿದ್ದಳು.

“ಶೇಕಡಾ ನೂರು ಏರೇದ” ಎಂದ.

“ಎಷ್ಟಿದ್ದದ್ದು ಎಷ್ಟಾತು?”

“ಶೇಕಡಾ ನೂರು ಅಂದ್ನಲ್ಲ.”

“ಅದು ಕೇಳಿಸ್ತ್ರಿ. ಎಷ್ಟಿದ್ದದ್ದು ಎಷ್ಟಾತು?”

“ಒಂದಿದ್ದದ್ದು ಎರಡು.”

ಮಲ್ಲೇಶ್ವರಿ ರೊಟ್ಟಿ ಮಗುಚಿ ಹಾಕಿದಳು. “ಆ ಒಂದು ನೀವ ತಗೊಂಡಿದ್ರಿ.”

“ಅದಕ್ಕ ಹೇಳಾಕತ್ತೀನಿ. ಎರಡನೇದು ನಾ ತಗೊಂಡಿಲ್ಲ. ನೀ ತಗೊಂಡಿಲ್ಲ. ದೇವದುರ್ಗದಾಗ ನಮ್ಮೋರಂತ ಒಂದು ನಾಯಿನೂ ಇಲ್ಲ. ಹಂಗಾದ್ರ ಯಾರು?”

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ; ಆ ಹೆಗ್ಗಣವನ್ನು ದೇವದುರ್ಗದ ಯಾರೋ ಅಪರಿಚಿತರು ರೊಕ್ಕ ಕೊಟ್ಟು ಮನೆಗೆ ಒಯ್ದಿದ್ದರೆ ಹೆತ್ತವನಿಗೆ ನಿದ್ದೆ ಹೇಗೆ ಬರಬೇಕು? ಗಂಡೋ ಹೆಣ್ಣೋ, ಮುದುಕರೋ ಹುಡುಗರೋ? ಮೊದಲಿನಿಂದ ಓದಿದರೋ, ನಡುವಿನಿಂದಲೋ? ಇಡೀ ವಾರ ಅವನು ಲಿಂಗಸೂಗೂರು ಬಸ್ಸನ್ನು ದೇವದುರ್ಗ ಬಸ್ಸೆಂದು ಕೂಗಿದ.

ಅದೇ ವಾರ ಇನ್ನೊಂದು ವಿಷಯ ಬಂತು. ಬರುವ ತಿಂಗಳು ರಾಯಚೂರಿನಲ್ಲಿ ಜಿಲ್ಲೆಯ ಲೇಖಕರ ಸಮಾವೇಶ. ಮಾನ್ವಿಯಿಂದ ಯಾರು ಯಾರು ವೇದಿಕೆಯ ಮೇಲೆ ಕೂಡಬೇಕು, ಆಮಂತ್ರಣ ಪತ್ರಿಕೆಯಲ್ಲಿ ‘ಲೇಖಕರು’ ಎಂಬುದರ ಕೆಳಗೆ ಯಾರ ಹೆಸರು ಬರಬೇಕು ಎಂಬುದನ್ನು ಬಳಗ ಭಾನುವಾರ ತೀರ್ಮಾನಿಸಬೇಕು. ಇಪ್ಪತ್ತಾರು ವರ್ಷದಲ್ಲಿ ಹನುಮಂತರಾಯನ ಹೆಸರು ಅಚ್ಚಾದದ್ದು ಒಂದೇ ಸಲ, ಅದೂ ಡ್ಯೂಟಿ ಚಾರ್ಟಿನಲ್ಲಿ, ಅದೂ ‘ಹನಮಂತ್ರಾಯ’ ಎಂದು. ಈ ಒಂದು ಕಾರ್ಡಿನಲ್ಲಿ ತನ್ನ ಹೆಸರು ನೋಡಬೇಕೆಂಬ ಆಸೆ ಅವನ ಎದೆಯಲ್ಲಿ ಬೇರುಬಿಟ್ಟಿತು. ಅವನು ಹಾಲೇಶ ಸರ್ ಮನೆಗೆ ಹೋಗಿ ನಿಂತುಕೊಂಡೇ ಕೇಳಿದ.

“ನೋಡು ಹನುಮಂತರಾಯ,” ಎಂದರು ಹಾಲೇಶ ಸರ್, “ಪುಸ್ತಕ ಅಂದ್ರ ಕೈಯಾಗ ಇರಬೇಕು. ನಿಂದು ಕೈಯಾಗ ಇಲ್ಲ. ಹೋಗ್ಲಿ, ಓದೋರಾದ್ರೂ ಇರಬೇಕಲ್ಲ?”

“ಶೇಕಡಾ ನೂರು ಏರೇದ್ರಿ ಸರ್. ದೇವದುರ್ಗದಾಗ ಒಬ್ಬರು ತಗೊಂಡಾರ.”

“ಯಾರು?”

“ಗೊತ್ತಿಲ್ರಿ.”

“ಅಂವ ಓದ್ಯಾನಂತ ಹೆಂಗ ಹೇಳ್ತಿ? ಬೆರಳು ತಪ್ಪಿ ಒತ್ತಿರಬಹುದು.” ಹಾಲೇಶ ಸರ್ ಕನ್ನಡಕ ಒರೆಸಿದರು. “ಒಂದು ಮಾಡು. ಭಾನುವಾರದೊಳಗ ಸಂಬಂಧಿಕರಲ್ಲದ ಒಬ್ಬ ಓದುಗನ್ನ ಕರಕೊಂಡು ಬಾ. ಬಳಗದ ಮುಂದ ನಿಲ್ಲಿಸು. ಹೆಸರು ಹಾಕೋಣು.”

ಇಂಥ ಶರತ್ತು ಹಿಂದೆ ಯಾವ ಲೇಖಕನಿಗೂ ಹಾಕಿರಲಿಲ್ಲ. ಹಾಕಿದ್ದರೆ ಬಳಗದಲ್ಲಿ ಕುರ್ಚಿ ಬಿಟ್ಟು ಬೇರೆ ಏನೂ ಉಳಿಯುತ್ತಿರಲಿಲ್ಲ. ಆದರೆ ಹನುಮಂತರಾಯನಿಗೆ ಅದು ಹೊಳೆಯಲಿಲ್ಲ. ಅವನು ಶನಿವಾರ ರಜೆ ಹಾಕಿ, ಓದುಗರು ಸಿಕ್ಕರೆ ಸನ್ಮಾನ ಮಾಡಲೆಂದು ಒಂದು ಶಾಲು, ನಾಲ್ಕು ಮೋಸಂಬಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ. ಸಿರವಾರ ದಾಟುವ ತನಕ, ಓದುಗರನ್ನು ಕಂಡಾಗ ಮೊದಲು ಏನು ಕೇಳಬೇಕು ಎಂಬುದನ್ನೇ ಯೋಚಿಸಿದ.

ದೇವದುರ್ಗ ಮುಟ್ಟಿದ ಮೇಲೆ ಹೊಳೆದದ್ದು ಬೇರೆ. ಒಂದು ಊರಿನಲ್ಲಿ ಒಬ್ಬ ಮನುಷ್ಯನನ್ನು ಹುಡುಕುವುದು ಹೇಗೆ? ಬೇರೆಯವರಾಗಿದ್ದರೆ ಪುಸ್ತಕದ ಅಂಗಡಿಗೋ ಕಾಲೇಜಿಗೋ ಹೋಗುತ್ತಿದ್ದರು. ಹನುಮಂತರಾಯನಿಗೆ ಕಳೆದ ಮಕ್ಕಳು, ಬಿಟ್ಟುಹೋದ ಚೀಲ, ಜಗಳಾಡಿ ಹೋದ ಅಳಿಯ, ಇವರನ್ನೆಲ್ಲ ಹುಡುಕಿ ಗೊತ್ತಿದ್ದದ್ದು ಒಂದೇ ಹಾದಿಯಲ್ಲಿ. ಅವನು ಸೀದಾ ಕಂಟ್ರೋಲರ್ ಕೊಠಡಿಗೆ ಹೋದ.

ದೇವದುರ್ಗದ ಕಂಟ್ರೋಲರ್ ಮೀರಾಹುಸೇನ ಅವನ ಹಳೆಯ ಗೆಳೆಯ. ವಿಷಯ ಕೇಳಿ, ಯಾಕೆ ಎಂದು ಸಹ ಕೇಳದೆ ಮೈಕು ಅವನ ಕಡೆ ತಿರುಗಿಸಿದ. ಇಲಾಖೆಯ ಜನ ಒಬ್ಬರಿಗೊಬ್ಬರು ಹಾಗೆಯೇ.

ಹನುಮಂತರಾಯ ಗಂಟಲು ಸರಿಮಾಡಿಕೊಂಡು ರೂಢಿಯ ದನಿಯಲ್ಲಿ ಶುರುಮಾಡಿದ. “ಪ್ರಯಾಣಿಕರ ಗಮನಕ್ಕೆ. ಇದೇ ತಿಂಗಳು ದೇವದುರ್ಗದಲ್ಲಿ ಮೊಬೈಲ್ ಮೂಲಕ ಒಂದು ಪುಸ್ತಕ ಖರೀದಿಸಿದ ವ್ಯಕ್ತಿ ಎಲ್ಲಿದ್ದರೂ ಕೂಡಲೇ ಕಂಟ್ರೋಲರ್ ಕೊಠಡಿಗೆ ಬರತಕ್ಕದ್ದು.”

ನಿಲ್ದಾಣದಲ್ಲಿ ನೂರಾರು ಮೊಬೈಲುಗಳು ಒಮ್ಮೆಲೇ ಜೇಬಿಗೆ ಇಳಿದವು. ಪಾಪ, ಜನರದ್ದೂ ತಪ್ಪಲ್ಲ. ಯಾರಿಗೆ ಫೋನ್ ಮಾಡಿದರೂ ಮೊದಲು ಕೇಳುವುದು, ಗೊತ್ತಿಲ್ಲದ ಲಿಂಕ್ ಒತ್ತಬೇಡಿ ಎಂಬ ಉಪದೇಶ. ಈಗ ಒತ್ತಿದವರನ್ನು ಮೈಕಿನಲ್ಲಿ ಕರೆಯುವ ಕಾಲ ಬಂತೆಂದು ಅವರು ತಿಳಿದರು.

ಗೊಬ್ಬರದಂಗಡಿಯ ಒಬ್ಬ ಮಾತ್ರ ಬೆವರುತ್ತ ಕಿಟಕಿಗೆ ಬಂದ. “ಸರ್, ನಾ ಪುಸ್ತಕ ತಗೊಂಡಿಲ್ರಿ. ಹೋದ ಸೋಮವಾರ ‘ನಿಮಗ ಫ್ರಿಜ್ ಬಂದದ’ ಅಂತ ಒಂದು ಬಂದಿತ್ತು, ಅದನ್ನ ಒತ್ತಿದ್ದೆ. ಮನಿಯಾಗ ಹೇಳಬ್ಯಾಡ್ರಿ.”

ಅವನ ಹಿಂದೆಯೇ ಒಬ್ಬ ಕಾನ್‌ಸ್ಟೇಬಲ್ ಬಂದ. ಮೈಕಿನ ಮಾತು ಅವನ ಕಿವಿಗೂ ಬಿದ್ದಿತ್ತು.

“ಯಾರನ್ನ ಹುಡುಕಾಕತ್ತೀರಿ?”

“ನನ್ನ ಓದುಗರನ್ನ್ರಿ.”

ಕಾನ್‌ಸ್ಟೇಬಲ್ ನೋಟ್‌ಬುಕ್ ತೆಗೆದ. “ಯಾವಾಗಿಂದ ಕಾಣಸವಲ್ರು?”

“ನಾ ಅವರನ್ನ ಒಮ್ಮೀನೂ ನೋಡಿಲ್ರಿ.”

“ಚಹರೆ ಹೇಳ್ರಿ. ಎತ್ತರ?”

“ಗೊತ್ತಿಲ್ರಿ.”

“ಗಂಡೋ ಹೆಣ್ಣೋ?”

“ಅದೂ ಗೊತ್ತಿಲ್ರಿ.”

“ವಯಸ್ಸು?”

“ಓದಾಕ ಬರೋವಷ್ಟು ಆಗಿರಬೇಕ್ರಿ.”

ಕಾನ್‌ಸ್ಟೇಬಲ್ ಪೆನ್ನು ಕಿವಿಗೆ ಸಿಕ್ಕಿಸಿ, ಬಹಳ ಹೊತ್ತು ಅವನ ಮುಖ ನೋಡಿದ. “ಯಾರಂತನೂ ಗೊತ್ತಿಲ್ಲದೋರು ಕಾಣಿಯಾಗ್ಯಾರಂತ ನಿಮಗ ಹೆಂಗ ಗೊತ್ತಾತು?”

“ನಕಾಶಿದಾಗ ಒಂದು ಚುಕ್ಕಿ ಬಂದದರಿ” ಎಂದು ಹನುಮಂತರಾಯ ಮೊಬೈಲ್ ತೋರಿಸಿದ. ಕಾನ್‌ಸ್ಟೇಬಲ್ ಚುಕ್ಕೆ ನೋಡಿದ, ಮೀರಾಹುಸೇನನನ್ನು ನೋಡಿದ. ಮೀರಾಹುಸೇನ, ಇವರು ನಮ್ಮವರೇ, ಸ್ವಲ್ಪ ಪುಸ್ತಕ ಬರೀತಾರ ಅಷ್ಟೆ ಎಂದು ಸಮಾಧಾನ ಹೇಳಿದ. ಅದೇನು ಗುಣವಾಗದ ರೋಗವೇನಲ್ಲ ಎಂಬಂತೆ ಕಾನ್‌ಸ್ಟೇಬಲ್ ತಲೆಯಾಡಿಸಿ, ಆದರೂ ಇರಲಿ ಎಂದು ಅಲ್ಲಿಯೇ ನಿಂತ.

ಮೀರಾಹುಸೇನನಿಗೆ ಜನರ ನಾಡಿ ಗೊತ್ತು. “ನೀ ಬೆದರಿಸಿದಂಗ ಕೂಗ್ತಿ ದೋಸ್ತ. ಕೊಡಿಲ್ಲಿ” ಎಂದು ತಾನೇ ಮೈಕು ಹಿಡಿದ. “ಮೊಬೈಲಿನಾಗ ಬೋರ್ಡ್ ನೋಡಿ ಹತ್ತಿರಿ ಎಂಬ ಪುಸ್ತಕ ಖರೀದಿಸಿದವರಿಗೆ ಶಾಲು ಹೊದಿಸಿ, ಫಲ ಕೊಟ್ಟು ಸನ್ಮಾನ ಮಾಡಲಾಗುವುದು.”

ಅಷ್ಟೇ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಮೊದಲನೇ ಪ್ಲಾಟ್‌ಫಾರ್ಮಿನಲ್ಲಿ ಶಾಲು ಎಂದಿದ್ದು ಎರಡನೆಯದಕ್ಕೆ ಹೋಗುವಷ್ಟರಲ್ಲಿ ರೇಷ್ಮೆ ಶಾಲಾಯಿತು, ಚಹಾದ ಅಂಗಡಿ ಮುಟ್ಟುವಷ್ಟರಲ್ಲಿ ಸೀರೆಯಾಯಿತು, ಹೊರಗಿನ ಆಟೊ ಸ್ಟ್ಯಾಂಡಿನಲ್ಲಿ ಹೊಲಿಗೆ ಯಂತ್ರವಾಯಿತು. ಐದು ನಿಮಿಷದ ಹಿಂದೆ ಒಬ್ಬ ಓದುಗನೂ ಇರದ ದೇವದುರ್ಗದಲ್ಲಿ ಈಗ ಎಪ್ಪತ್ತು ಓದುಗರು ಕಿಟಕಿಗೆ ಮುತ್ತಿದರು. ಆ ಹೊತ್ತಿಗೆ ಓದುಬಂಡಿಯವರು ನೋಡಿದ್ದರೆ ಏರಿಕೆಯ ಶೇಕಡಾವಾರು ಲೆಕ್ಕ ಹಾಕಲಾರದೆ ಕೈಚೆಲ್ಲುತ್ತಿದ್ದರು.

ಹನುಮಂತರಾಯ ಪೆದ್ದನಾದರೂ ಲೇಖಕ. ಪರೀಕ್ಷೆ ಮಾಡಿಯೇ ಶಾಲು ಕೊಡುವುದೆಂದು ಸಾಲು ಹಚ್ಚಿಸಿದ.

“ಮೊದಲ ಅಧ್ಯಾಯದಾಗ ಏನದ?” ಎಂದು ಮುಂದಿದ್ದವನನ್ನು ಕೇಳಿದ.

“ಭಾಳ ಛಂದ ಅದರಿ.”

“ಛಂದ ಸರಿ. ಏನದ?”

“ಅದೇ ಛಂದ ಅದರಿ.”

ಎರಡನೆಯವನು, ಅದರಾಗ ಒಬ್ಬ ರಾಜ ಇದ್ದ, ರಾಣಿ ಇದ್ದಳು ಎಂದ. ರಾಜ ಯಾವ ಬಸ್ಸಿಗೆ ಹೋದ ಎಂದು ಹನುಮಂತರಾಯ ಕೇಳಿದ. ಅಷ್ಟು ದೂರ ಇನ್ನೂ ಓದಿಲ್ಲ ಎಂದ. ಮೂರನೆಯವನು ಪ್ರಾಮಾಣಿಕ: ನಾ ತಗೊಂಡಿಲ್ರಿ, ಆದ್ರ ಈಗಿಂದೀಗ ತಗೋತೀನಿ, ಶಾಲಿನ ಕಿಮ್ಮತ್ತಿಗಿಂತ ಅದು ಕಮ್ಮಿ ಇದ್ರ ಎಂದ. ಆಮೇಲೆ ಪಕೀರಮ್ಮ ಎಂಬ ಮುದುಕಿ ಕೋಲೂರಿಕೊಂಡು ಬಂದಳು.

“ಯವ್ವಾ, ನೀ ಪುಸ್ತಕ ಓದಿದ್ಯಾ?”

“ನನಗ ಓದಾಕ ಬರಂಗಿಲ್ಲ ಯಪ್ಪಾ.”

“ಮತ್ತ ಇಲ್ಲಿಗ್ಯಾಕ ಬಂದಿ?”

“ಶಾಲು ಹೊದ್ಕೊಳ್ಳಾಕ ಬರ್ತದ.”

ಆ ದಿನ ಸಿಕ್ಕ ಉತ್ತರಗಳಲ್ಲಿ ಸುಳ್ಳಿಲ್ಲದ್ದು ಅದೊಂದೇ ಆಗಿತ್ತು. ಹನುಮಂತರಾಯ ಎದ್ದು ಹೊರಗೆ ಬಂದು ಶಾಲನ್ನು ಪಕೀರಮ್ಮನಿಗೆ ಹೊದಿಸಿದ. ಮೋಸಂಬಿಯನ್ನೂ ಕೊಟ್ಟ. ಉಳಿದ ಅರವತ್ತೊಂಬತ್ತು ಓದುಗರು, ಇದರಲ್ಲಿ ಮೋಸ ಇದೆ, ಮುದುಕಿ ಇವನ ಕಡೆಯವಳೇ ಎಂದು ಗದ್ದಲ ಎಬ್ಬಿಸಿದರು. ಅಂತೂ ನಿಂತದ್ದು ಸಾರ್ಥಕವಾಯಿತೆಂದು ಕಾನ್‌ಸ್ಟೇಬಲ್ ಲಾಠಿ ಎತ್ತಿಕೊಂಡ.

ಗದ್ದಲದ ನಡುವೆ ಹನುಮಂತರಾಯ ಸುಮ್ಮನೆ ಅತ್ತ ನೋಡಿದ. ಜನರೆಲ್ಲ ಇತ್ತ ಬಂದದ್ದರಿಂದ ಪ್ಲಾಟ್‌ಫಾರ್ಮುಗಳು ಖಾಲಿ. ಕೊನೆಯ ಕಟ್ಟೆಯ ಮೇಲೆ ಮಾತ್ರ ಒಬ್ಬಳು ಹೆಣ್ಣುಮಗಳು ಕೂತಿದ್ದಳು. ಮೂವತ್ತರ ಆಚೀಚೆ, ತೊಡೆಯ ಮೇಲೆ ಊಟದ ಡಬ್ಬಿಯ ಚೀಲ, ಕೈಯಲ್ಲಿ ಮೊಬೈಲು. ಎರಡು ಸಲ ಕೂಗಿದ್ದು ಅವಳಿಗೆ ಕೇಳಿರಲಿಲ್ಲ. ಎಪ್ಪತ್ತು ಮಂದಿ ಓಡಿದ್ದು ಕಂಡಿರಲಿಲ್ಲ. ಅವನು ನೋಡುತ್ತಿದ್ದಂತೆ ಅವಳು ದುಪಟ್ಟಾದ ಅಂಚು ಬಾಯಿಗೆ ಒತ್ತಿಕೊಂಡು ಒಬ್ಬಳೇ ನಕ್ಕಳು.

ಮೊಬೈಲಿನಲ್ಲಿ ನಗುವಂಥದ್ದು ಸಾವಿರ ಇರುತ್ತದೆ ಎಂದು ಬುದ್ಧಿ ಹೇಳಿತು. ಕಾಲು ಕೇಳಲಿಲ್ಲ. ಕಟ್ಟೆಯ ಹಿಂದಿನಿಂದ ಹೋಗಿ, ಕತ್ತು ಚಾಚಿ ನೋಡಿದ. ಅಕ್ಷರ ದಪ್ಪ ಮಾಡಿಕೊಂಡಿದ್ದಳು. ಅವನದೇ ಸಾಲುಗಳು. ಅವನ ಕಣ್ಣಿಗೆ ನೀರು ಬಂತು, ನೀರಿನ ಹಿಂದೆ ಅಕ್ಷರ ಮಸುಕಾಯಿತು, ಯಾವ ಸಾಲಿಗೆ ನಕ್ಕಳು ನೋಡೋಣವೆಂದು ಅವನು ಇನ್ನಷ್ಟು ಬಾಗಿದ.

“ಏನ್ರಿ ಅದು, ಹಿಂದ ನಿಂತು ಇಣುಕೋದು?” ಅವಳು ಥಟ್ಟನೆ ಎದ್ದು ಮೊಬೈಲನ್ನು ಎದೆಗೆ ಒತ್ತಿಕೊಂಡಳು. ದನಿ ದೊಡ್ಡದಿತ್ತು. ಕಿಟಕಿಯ ಹತ್ತಿರದ ಗದ್ದಲ ಹಾಗೇ ಇತ್ತ ಹರಿದುಬಂತು, ಕಾನ್‌ಸ್ಟೇಬಲ್ ಎಲ್ಲರಿಗಿಂತ ಮುಂದೆ.

“ನಾ ಅದನ್ನ ಬರದಾಂವರಿ” ಎಂದ ಹನುಮಂತರಾಯ.

“ಏನನ್ನ?”

“ನೀವು ಓದೋದನ್ನ.”

ಅವಳು ಪುಸ್ತಕದ ಮೊದಲಿಗೆ ಹೋಗಿ ನೋಡಿದಳು. ಲೇಖಕ ಎಂಬಲ್ಲಿ ಕೆಂಪು ಬಸ್ಸು ಇತ್ತು. ಅವಳು ಬಸ್ಸನ್ನು ನೋಡಿದಳು, ಅವನನ್ನು ನೋಡಿದಳು. “ಫೋಟೊದಾಗ ನೀವಿಲ್ಲ.”

ಅಚ್ಚಿನ ಪುಸ್ತಕವಾಗಿದ್ದರೆ ಹಿಂಬದಿಯ ರಕ್ಷಾಪುಟದಲ್ಲಿ ಗಲ್ಲಕ್ಕೆ ಕೈಕೊಟ್ಟ ಒಂದು ಫೋಟೊ ಇದ್ದು ಈ ಕ್ಷಣಕ್ಕೆ ಒದಗುತ್ತಿತ್ತು. ಕಾನ್‌ಸ್ಟೇಬಲ್ ಅವನ ತೋಳಿನ ಮೇಲೆ ಕೈಯಿಟ್ಟ. ಹನುಮಂತರಾಯನಿಗೆ ಇನ್ನೇನೂ ತೋಚಲಿಲ್ಲ.

“ಈಗ ಓದಿದ ಸಾಲು ಹೇಳ್ರಿ” ಎಂದ.

ಅವಳು ಅನುಮಾನದಿಂದಲೇ ಓದಿದಳು. “‘ಗಂಡ ರಾಯಚೂರು ಬಸ್ಸಿನ ಕಿಟಕಿಯಲ್ಲಿ, ಹೆಂಡತಿ ಸಿಂಧನೂರು ಬಸ್ಸಿನ ಕಿಟಕಿಯಲ್ಲಿ ಕೂತು, ನೀನೇ ತಪ್ಪು ಬಸ್ಸು ಹತ್ತಿದ್ದೀ ಎಂದು ಜಗಳ ಮಾಡಿದರು. ಎರಡು ಬಸ್ಸೂ ಹೊರಟವು.’ ಇಲ್ಲಿಗೆ ಪುಟ ಮುಗೀತು.”

ಹನುಮಂತರಾಯ ಕಣ್ಣು ಮುಚ್ಚಿದ. “‘ಅವರಿಬ್ಬರೂ ಹೋಗಬೇಕಾಗಿದ್ದದ್ದು ಲಿಂಗಸೂಗೂರಿಗೆ. ಆ ಬಸ್ಸು ಖಾಲಿ ನಿಂತಿತ್ತು.’”

ಅವಳು ಬೆರಳಿನಿಂದ ಪುಟ ಸರಿಸಿದಳು. ಎಲ್ಲರೂ ಅವಳ ಮುಖ ನೋಡಿದರು. ಅವಳ ತುಟಿ ಅಲುಗಿತು, ಮತ್ತೊಮ್ಮೆ ಓದಿದಳು, ಆಮೇಲೆ ತಡೆಯಲಾರದೆ ಜೋರಾಗಿ ನಕ್ಕುಬಿಟ್ಟಳು. ಏನೆಂದು ಗೊತ್ತಾಗದಿದ್ದರೂ ಜನ ನಕ್ಕರು. ಕಾನ್‌ಸ್ಟೇಬಲ್ ಕೈ ತೆಗೆದ.

ಅವಳ ಹೆಸರು ಕಹಕಶಾನ್, ಇಲ್ಲಿನ ಆಸ್ಪತ್ರೆಯಲ್ಲಿ ನರ್ಸು, ದಿನಾ ನಾಲ್ಕೂಕಾಲಿನ ಅರಕೇರಾ ಬಸ್ಸಿಗೆ ಮನೆಗೆ ಹೋಗುವವಳು ಎಂದು ಮೀರಾಹುಸೇನ ಹೇಳಿದ. ಹನುಮಂತರಾಯ ದಾರಿಯುದ್ದಕ್ಕೂ ಯೋಚಿಸಿಟ್ಟಿದ್ದ ಪ್ರಶ್ನೆಗಳೆಲ್ಲ ಮರೆತುಹೋಗಿ ಒಂದೇ ಉಳಿದಿತ್ತು.

“ಇಷ್ಟು ಪುಸ್ತಕ ಇರ್ತಾವಲ್ರಿ, ಇದನ್ನ ಯಾಕ ತಗೊಂಡ್ರಿ?”

“ಹತ್ತು ಪುಟ ಪುಕ್ಕಟೆ ಇದ್ವು ಅಣ್ಣಾರ. ಹನ್ನೊಂದಕ್ಕ ರೊಕ್ಕ ಕೇಳ್ತು. ಅವತ್ತು ಬಸ್ಸು ಮುಕ್ಕಾಲು ತಾಸು ತಡ. ಏನ್ ಮಾಡ್ಲಿ, ತಗೊಂಡೆ.”

ಇ-ಬುಕ್ಕುಗಳ ಮಾರಾಟ ಏರುವುದು ಯಾಕೆ, ಇಳಿಯುವುದು ಯಾಕೆ ಎಂದು ಪಟ್ಟಣಗಳಲ್ಲಿ ದೊಡ್ಡ ದೊಡ್ಡವರು ಸಭೆ ಕೂಡಿ ತಲೆ ಕೆಡಿಸಿಕೊಳ್ಳುತ್ತಾರಂತೆ. ರಾಯಚೂರು ಜಿಲ್ಲೆಯ ಮಟ್ಟಿಗೆ ಆ ಗುಟ್ಟು ಅಂದು ಬಯಲಾಯಿತು. ಇಪ್ಪತ್ತಾರು ವರ್ಷ ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಬಿಡಲು ಹೆಣಗಿದ ಹನುಮಂತರಾಯ, ತಾನು ಅಷ್ಟೂ ವರ್ಷ ಸಾಹಿತ್ಯಕ್ಕೆ ಮಾಡಿದ ನಷ್ಟವನ್ನು ನೆನೆದು ಮನಸ್ಸಿನಲ್ಲೇ ಕ್ಷಮೆ ಕೇಳಿದ.

“ಆ ಗಂಡ ಹೆಂಡತಿ ಮತ್ತ ಕೂಡಿದ್ರೇನ್ರಿ?” ಕಹಕಶಾನ್ ಕೇಳಿದಳು.

“ಅದು ಏನಾತಂದ್ರ...”

“ಬ್ಯಾಡ, ಬ್ಯಾಡ. ಹೇಳಬ್ಯಾಡ್ರಿ. ಮುಂದ ಅದ ಅಲ್ಲ?”

“ಅದರಿ.”

“ಹಂಗಾದ್ರ ನಾನ ನೋಡ್ಕೋತೀನಿ.”

ಅರಕೇರಾ ಬಸ್ಸು ಬಂತು. ನಾಳೆ ಮಾನ್ವಿಗೆ ಬನ್ನಿ, ಬಳಗದ ಮುಂದೆ ನಿಲ್ಲಿ ಎಂದು ಕೇಳಲು ಹನುಮಂತರಾಯ ಬಾಯಿ ತೆರೆದ. ಅವಳು ಮೆಟ್ಟಿಲು ಹತ್ತುತ್ತಲೇ ಮೊಬೈಲ್ ನೋಡುತ್ತಿದ್ದಳು. ಕಿಟಕಿಯ ಹತ್ತಿರ ಕೂತಳು, ತಲೆ ಎತ್ತಲಿಲ್ಲ. ಅವನು ತೆರೆದ ಬಾಯಿ ಮುಚ್ಚಿದ. ಕಂಡಕ್ಟರ್ ಟಿಕೆಟ್ ಎಂದು ಮೂರು ಸಲ ಕೂಗಿದ್ದು ಹೊರಗೆ ಕೇಳಿಸಿತು.

“ಫೋಟೊ ತೆಗೆದ್ಯಾ? ನಂಬರ್ ತಗೊಂಡ್ಯಾ?” ಮೀರಾಹುಸೇನ ಕೇಳಿದ. ಎರಡೂ ಇಲ್ಲ.

ಭಾನುವಾರ ಬೆಳಿಗ್ಗೆ ಬಳಗದ ಸಭೆಯಲ್ಲಿ ಹಾಲೇಶ ಸರ್ ಕೇಳಿದರು. “ಓದುಗ ಎಲ್ಲಿ?”

“ಓದಾಕತ್ತ್ಯಾಳ್ರಿ ಸರ್. ಎಬ್ಬಿಸಿಕೊಂಡು ಬರಾಕ ಮನಸ್ಸಾಗಲಿಲ್ಲ.”

ಸಭೆ ನಕ್ಕಿತು. ಸಾಕ್ಷಿ ಇದೆಯೇ ಎಂದು ಒಬ್ಬರು ಕೇಳಿದರು. ಇಲ್ಲ. ಫೋಟೊ? ಇಲ್ಲ. ಒಂದು ಸಹಿ? ಇಲ್ಲ. ಹನುಮಂತರಾಯ ಕಂಡದ್ದನ್ನು ಕಂಡ ಹಾಗೆ ಹೇಳಿದ. ಕಟ್ಟೆ, ಡಬ್ಬಿಯ ಚೀಲ, ದಪ್ಪ ಅಕ್ಷರ, ನಗು. ಬರೆದವನಲ್ಲವೇ, ಇದನ್ನೂ ಕಟ್ಟಿದ್ದಾನೆ ಎಂದರು. ಶರತ್ತು ಶರತ್ತೇ ಎಂದು ಹಾಲೇಶ ಸರ್ ಲೇಖಕರ ಪಟ್ಟಿಯನ್ನು ಮಡಚಿ ಜೇಬಿಗಿಟ್ಟರು. ಹನುಮಂತರಾಯನಿಗೆ ಬೇಸರವಾಗಬೇಕಿತ್ತು. ಆಯಿತು ಕೂಡ. ಆದರೆ ಅಂದುಕೊಂಡಷ್ಟು ಆಗಲಿಲ್ಲ.

ಎಲ್ಲರೂ ಹೋದ ಮೇಲೆ ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಹಾಲೇಶ ಸರ್ ಬಾಗಿಲಿಗೆ ಬಂದು ನಿಂತರು.

“ಖರೇನ ನಕ್ಕಳೇನು?”

“ನಕ್ಕಳ್ರಿ ಸರ್.”

“ಸಣ್ಣಗೋ, ಜೋರಾಗೋ?”

“ಮೊದಲು ಸಣ್ಣಗ. ಆಮ್ಯಾಲ ಜೋರಾಗಿ.”

ಹಾಲೇಶ ಸರ್ ಹೊಸ್ತಿಲ ಮೇಲೆ ಕೂತರು. ಕನ್ನಡಕ ತೆಗೆದು, ಒರೆಸದೆ ಕೈಯಲ್ಲೇ ಹಿಡಿದುಕೊಂಡರು. “ಎಂಟು ಪುಸ್ತಕ ಬರದೀನಿ ಹನುಮಂತರಾಯ. ಬಿಡುಗಡೆ ಮಾಡಿದೋರನ್ನ ನೋಡೀನಿ. ಭಾಷಣ ಮಾಡಿದೋರನ್ನ ನೋಡೀನಿ. ಒಬ್ಬರು ಕೂತು ಓದೋದನ್ನ ಇವತ್ತಿನವರೆಗೂ ನೋಡಿಲ್ಲ.”

ಹನುಮಂತರಾಯನೂ ಪಕ್ಕದಲ್ಲಿ ಕೂತ. ಹಾಲೇಶ ಸರ್ ಜೇಬಿನಿಂದ ಪಟ್ಟಿ ತೆಗೆದು, ಮೊಣಕಾಲ ಮೇಲಿಟ್ಟು, ತಮ್ಮ ಹೆಸರಿನ ಕೆಳಗೆ ಅವನ ಹೆಸರು ಬರೆದರು. ಒತ್ತು, ದೀರ್ಘ ಯಾವುದೂ ತಪ್ಪಲಿಲ್ಲ.

“ಆಕಿ ನಾಳೆ ಬರ್ತಾಳೇನು, ಆ ಕಟ್ಟಿಗೆ?”

“ದಿನಾ ಬರ್ತಾಳಂತ್ರಿ. ನಾಕೂಕಾಲಿಗೆ ಆಕಿ ಬಸ್ಸು.”

“ನಾ ಏನೂ ಮಾತಾಡ್ಸಂಗಿಲ್ಲ. ದೂರ ನಿಂತು ನೋಡ್ತೀನಷ್ಟೆ.” ಹಾಲೇಶ ಸರ್ ರಸ್ತೆಯ ಕಡೆ ನೋಡಿದರು. “ಇಲ್ಲಿಂದ ದೇವದುರ್ಗಕ್ಕ ಎಷ್ಟಕ್ಕ ಬಸ್ಸದ?”

“ಹನ್ನೆರಡೂವರಿಗೆ ಒಂದದರಿ” ಎಂದ ಹನುಮಂತರಾಯ. ಸ್ವಲ್ಪ ತಡೆದು ಹೇಳಿದ. “ನಿಮ್ಮ ಪುಸ್ತಕ ತರಬ್ಯಾಡ್ರಿ ಸರ್. ಓದಾಕಂತ ಇರಾಕಿ ಒಬ್ಬಾಕಿ.”